ಕೂವೆಮರ

ಬೀಗದ ಕೈ ಸಿಗಲಿಲ್ಲ.
ಆಲ್ವಿನ್ ಗರಗಸ ತಂದು ಕೊಂಡಿಯನ್ನೇ ಕೊಯ್ದ.
"ಹನ್ನೊಂದು ವರ್ಷದ ತುಕ್ಕು, ಬೆಣ್ಣೆ ಇದ್ದ ಹಾಗಿದೆ" ಅಂದ.
ಒಳಗೆ ಜೇಡನ ಬಲೆ, ಕಲ್ಲಾದ ಬಣ್ಣದ ಡಬ್ಬಿ,
ಹಲ್ಲುದುರಿದ ಕುಂಟೆ,
ಮತ್ತೆ, ಗ್ಯಾವನ್ ಕಟ್ಟುತ್ತ ಕಟ್ಟುತ್ತ ಬಿಟ್ಟುಹೋದ ದೋಣಿ:
ಒಂದು ಬೆನ್ನೆಲುಬು, ಒಂಬತ್ತು ಜೊತೆ ಪಕ್ಕೆಲುಬು,
ಮೈಗೆ ಹಲಗೆಯಿಲ್ಲ.

ಅವನು ಸತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಕ್ವೀನ್ಸ್‌ಲ್ಯಾಂಡಿನ ಬಿಸಿಲಲ್ಲಿ
ಬೇರೆಯವರ ಈಜುಕೊಳ ತೊಳೆಯುತ್ತ ಚೆನ್ನಾಗಿದ್ದಾನೆ.
ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತದೆ.
ದೋಣಿಯ ಸುದ್ದಿ ಅವನೂ ಎತ್ತುವುದಿಲ್ಲ, ನಾನೂ.

ಇದು ತಾಸ್ಮೇನಿಯದ ದಕ್ಷಿಣದ ತುದಿ.
ಆಗಸ್ಟಿನ ಗಾಳಿ ಮೂಳೆಗೆ ಮೊಳೆ ಹೊಡೆಯುತ್ತದೆ.
ವಾಟಲ್ ಮರ ಮಾತ್ರ ಯಾರ ಮಾತೂ ಕೇಳದೆ
ಮೈತುಂಬ ಹಳದಿ ಚೆಲ್ಲಿಕೊಂಡು ನಿಂತಿತ್ತು.

ಮೊದಲು ನೆಲ. ಕೊಳೆತ ಹಲಗೆ ಕಿತ್ತರೆ
ಅಡಿಯಲ್ಲಿ ಇಲಿಗಳ ಊರೇ ಇತ್ತು,
ಕಳೆದುಹೋದ ನನ್ನ ಕೈಗವಸು ಅವುಗಳ ಚಾವಡಿ.
ಅಂಗಡಿಯ ತೆಳು ಕೋಳಿಬಲೆಯನ್ನು ಆಲ್ವಿನ್ ಮುಟ್ಟಲೂ ಬಿಡಲಿಲ್ಲ:
"ಅದು ಕೋಳಿಯನ್ನು ಒಳಗಿಟ್ಟೀತು, ಕ್ವಾಲನ್ನು ಹೊರಗಿಡಲಾರದು.
ನಿನ್ನ ಮುಷ್ಟಿ ತೂರುವ ಕಡೆ ಅದು ಸಂಸಾರ ಸಮೇತ ತೂರುತ್ತದೆ."
ಬೆರಳೂ ಹೋಗದ ಜಾಲರಿ ತಂದೆವು,
ಸುತ್ತ ಒಂದಡಿ ಅಗೆದು
ಲಂಗದ ಅಂಚಿನ ಹಾಗೆ ಹೊರಕ್ಕೆ ಮಡಿಸಿ ಹೂತೆವು.
ಸೂರಿನ ಕೆಳಗೆ ಗಾಳಿಗೆ ಕಿಂಡಿ.
ಕೋಳಿ ಚಳಿ ತಾಳುತ್ತದಂತೆ,
ತನ್ನದೇ ಉಸಿರಿನ ತೇವ ತಾಳುವುದಿಲ್ಲವಂತೆ.
ಮುಚ್ಚಿದ ಮನೆಯೊಳಗೆ
ಇಬ್ಬರು ಕಳೆದ ಕೊನೆಯ ಚಳಿಗಾಲ ನೆನಪಾಯಿತು.

ದೋಣಿಯನ್ನೇನು ಮಾಡುವುದು?
ಸೌದೆ, ಎಂದೆ.
ಆಲ್ವಿನ್ ಉಗುರಲ್ಲಿ ಕೆರೆದು ಮೂಗಿಗೆ ಹಿಡಿದ:
"ಹ್ಯೂಆನ್ ಪೈನ್. ಇದು ಸೌದೆಯಾದರೆ ನಾನು ಬಿಷಪ್ಪು."
ಹುಳ ಹತ್ತದ ಮರ. ಜೇನಿಗೂ ಔಷಧಿಗೂ ನಡುವಿನ ವಾಸನೆ.
ಒಂದು ಕಾಲಕ್ಕೆ ನನ್ನ ದಿಂಬಿನಲ್ಲಿ ಇದೇ ಇತ್ತು.
ಹೇಳಲಿಲ್ಲ.

ಹಾಗೆ ಕೂವೆಮರ ಅಡ್ಡ ಮಲಗಿತು,
ಈ ಗೋಡೆಯಿಂದ ಆ ಗೋಡೆಗೆ, ಮೊಣಕಾಲೆತ್ತರಕ್ಕೆ,
ಕೋಳಿಪಾದಕ್ಕೆಂದು ಬೆನ್ನು ಸವರಿಸಿಕೊಂಡು.
ಪಕ್ಕೆಲುಬುಗಳ ಸಂದಿಗೆ ಒಣಹುಲ್ಲು ತುರುಕಿದೆವು.
ನೀರು ಕಾಣದ ಎರಡು ಹುಟ್ಟು ಏಣಿಯ ಕಾಲಾದವು.
ಹುಟ್ಟಿಗೆ ಕೊನೆಗೂ ಒಂದು ಕೆಲಸ.

ಶುಕ್ರವಾರ ಏಳು ಕೋಳಿ ಬಂದವು,
ಕಾರ್ಖಾನೆ ಕೈಬಿಟ್ಟವು, ಎರಡು ಡಾಲರಿಗೊಂದು.
ಬೋಳು ಕತ್ತು, ಸವೆದ ಬಾಲ, ಬಿಳಚಿದ ಜುಟ್ಟು.
ಬಾಗಿಲು ತೆರೆದೆ. ಬರಲಿಲ್ಲ.
ಒಂದು ಮಾತ್ರ ಹುಲ್ಲಿಗೆ ಕಾಲಿಟ್ಟು
ಸುಟ್ಟವಳಂತೆ ಕಾಲೆತ್ತಿ, ಬಹಳ ಹೊತ್ತು
ಒಂಟಿಕಾಲಲ್ಲೇ ನಿಂತಿತ್ತು.

ಸಂಜೆ ಮೂಲೆಯಲ್ಲಿ ಒಂದರ ಮೇಲೊಂದು ರಾಶಿ.
ಮೇಲೆ ಹತ್ತಿ ಮಲಗಬಹುದೆಂದು
ಅವಕ್ಕೆ ಯಾರೂ ಹೇಳಿರಲಿಲ್ಲ.
"ಕತ್ತಲಾದ ಮೇಲೆ ಎತ್ತಿ ಕೂರಿಸು" ಎಂದ ಆಲ್ವಿನ್, "ದಿನಾ."
ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಒಂದೊಂದನ್ನೇ ಎತ್ತಿದೆ.
ಬಿಸಿ, ತೂಕವೇ ಇಲ್ಲ,
ಅಂಗೈಯಲ್ಲಿ ಗಡಿಯಾರ ತಪ್ಪಿದಂಥ ಎದೆಬಡಿತ.
ಬೆರಳಿಗೆ ಹಿಡಿಯುವುದೇ ಗೊತ್ತಿಲ್ಲ; ಮಡಿಸಿ ತೋರಿಸಿದೆ.
ಏಳನೆಯದು ಕೂರುವಷ್ಟರಲ್ಲಿ ಎರಡನೆಯದು ನೆಲದಲ್ಲಿ.
ಮತ್ತೆ. ಮಾರನೆ ರಾತ್ರಿ ಮತ್ತೆ.
ಎಷ್ಟು ರಾತ್ರಿ ಎಂದು ಲೆಕ್ಕವಿಡಲಿಲ್ಲ,
ಕೈಗೆಲ್ಲ ಗೀರು, ಕೂದಲಿಗೆ ಹೊಟ್ಟು.

ಒಂದು ಬೆಳಿಗ್ಗೆ ಇಬ್ಬನಿಯ ಮೇಲೆ
ಕ್ವಾಲಿನ ಹೆಜ್ಜೆ, ಕೊಟ್ಟಿಗೆಗೆ ಎರಡು ಸುತ್ತು,
ಆಮೇಲೆ ತೊರೆಯ ಕಡೆಗೆ.
ಅವತ್ತೇ ಮೊದಲ ಮೊಟ್ಟೆ, ಸಿಪ್ಪೆ ಕಾಗದದಷ್ಟು ಮೆತ್ತಗೆ,
ಎತ್ತುವಾಗ ಒಡೆಯಿತು.

ನಿನ್ನೆ ಗಾಳಿ ಜೋರು. ತಡವಾಗಿ ಹೋದೆ.
ತಗಡು ಏರಿ ಇಳಿಯುತ್ತಿತ್ತು,
ಕೂವೆಮರ ಕಿರ್ರೆನ್ನುತ್ತಿತ್ತು.
ಏಳೂ ಮೇಲೆ,
ಮುಖವೆಲ್ಲ ಕಡಲಿನ ಕಡೆಗೆ,
ಮರ ಅಲುಗಿದಾಗ ಒಟ್ಟಿಗೆ ಸ್ವಲ್ಪ ವಾಲಿ
ಒಟ್ಟಿಗೆ ನೆಟ್ಟಗಾಗುತ್ತಿದ್ದವು.

ನೋಡುತ್ತ ನಿಂತುಬಿಟ್ಟೆ.
ಕಣ್ಣಿಗೆ ಬೆಳಕು ಬಿತ್ತೆಂದು
ತುದಿಯಲ್ಲಿದ್ದವಳು ಬೈದಳು.
ಟಾರ್ಚು ಆರಿಸಿದೆ.